ಮೈಲುತುತ್ತದ ಸುಂಕಲಮ್ಮ

ಕೊಳಗಲ್ಲಿನ ಸುಂಕಲಮ್ಮ ಹುಟ್ಟಾ ಹೊಟ್ಟೆಕಿಚ್ಚಿನ ಹೆಂಗಸೇನಲ್ಲ. ಏಳು ವರ್ಷ ಅವಳಿಗೆ ಕಿಚ್ಚುಪಡಲು ಸರಿಜೋಡಿಯೇ ಇರಲಿಲ್ಲ, ಅಷ್ಟೇ. ಬಿತ್ತನೆ ಜೋಳಕ್ಕೆ ಮೈಲುತುತ್ತ ಹಾಕುವ ಕೆಲಸ ಆ ಊರಿನಲ್ಲಿ ಬರುತ್ತಿದ್ದದ್ದು ಅವಳೊಬ್ಬಳಿಗೆ.

ಕಲಿಸಿದವನು ಸರ್ಕಾರದ ಬೇಸಾಯ ಇಲಾಖೆಯ ಮೇಸ್ತ್ರಿ ಚಿದಾನಂದಪ್ಪ. 1943ರಲ್ಲಿ ಬಳ್ಳಾರಿಯಿಂದ ಬಂದು ಕಟ್ಟೆಯ ಮೇಲೆ ಕುಳಿತ. ಮೈಲುತುತ್ತದ ನೀಲಿ ಹರಳೊಂದನ್ನು ಕಾದ ಹಂಚಿನ ಮೇಲಿಟ್ಟು ಬೆಳ್ಳಗೆ ಮಾಡಿದ, ನೀರು ಚಿಮುಕಿಸಿ ಮತ್ತೆ ನೀಲಿ ಮಾಡಿದ. ಗಂಡಸರು ಇದೇನು ಗಾರುಡಿ ಆಟವೆಂದು ನಕ್ಕು ಎದ್ದುಹೋದರು. ಕೊನೆಯವರೆಗೂ ಕುಳಿತಿದ್ದವಳು ಸುಂಕಲಮ್ಮ.

"ತಾಮ್ರ, ಗಂಧಕದ ಸುಡೋ ತೇಜಾಬು ಕೂಡಿ ಆಗಿರೋ ಹರಳವ್ವ ಇದು," ಎಂದ ಮೇಸ್ತ್ರಿ. "ಬಟ್ಟಿಗೆ ಬಣ್ಣ ಹಾಕೋರಿಗೂ ಬೇಕು, ತಂತಿ ಆಪೀಸಿನ್ಯಾಗ ಕರೆಂಟು ಹುಟ್ಟಿಸೋ ಗಾಜಿನ ಭರಣಿಗೂ ಬೇಕು. ತೆನಿ ಕರ್ರಗ ಮಾಡೋ ಕಾಡಿಗಿ ರೋಗ ಜೋಳದ ಬೀಜದ ಮೈಮ್ಯಾಲೇ ಕುಂತಿರತೈತಿ, ಅದನ್ನ ಇದು ಕೊಲ್ಲತೈತಿ. ನಮ್ಮ ಹೊಟ್ಟಿಗೆ ಹೋದ್ರ ನಮ್ಮನ್ನೂ ಬಿಡಂಗಿಲ್ಲ. ಮಣ್ಣಿನ ಗಡಿಗ್ಯಾಗ ಕಲಸು. ಕಬ್ಬಿಣ ಮಾತ್ರ ಮುಟ್ಟಿಸಬ್ಯಾಡ. ನೀರಿನಾಗಿನ ತಾಮ್ರ ಎಲ್ಲಾ ಕಬ್ಬಿಣ ಎಳಕೊಂತೈತಿ, ತುತ್ತದ ಕಸುವು ಹೋಗತೈತಿ."

ಅಂದಿನಿಂದ ಬಿತ್ತನೆಯ ದಿನಗಳಲ್ಲಿ ಸುಂಕಲಮ್ಮನ ಗತ್ತು ನೋಡಬೇಕು. ಅವಳು ಅಂಗಳಕ್ಕೆ ಕಾಲಿಟ್ಟರೆ ಕೋಳಿಗಳನ್ನು ಮುಚ್ಚಬೇಕು, ಮಕ್ಕಳನ್ನು ಒಳಗೆ ಕೂಡಿಹಾಕಬೇಕು. ಅದ್ದಿದ ಬೀಜವನ್ನು ನೆರಳಿನಲ್ಲೇ ಒಣಗಿಸಬೇಕು. ಉಳಿದ ಬೀಜ ಬೀಸುವ ಕಲ್ಲಿನ ಹತ್ತಿರ ಸುಳಿಯಬಾರದು, ಗುಂಡಿ ತೋಡಿ ಹೂಳಬೇಕು. ಕುರುಗೋಡಿನವರು ಸಹ ಬಂಡಿ ಕಳಿಸಿ ಕರೆಸುತ್ತಿದ್ದರು. ತನ್ನ ಹೆಸರಿನ ಹಿಂದೆ 'ತುತ್ತದ' ಎಂದು ಸೇರಿದ್ದು ಅವಳಿಗೆ ಮೈಮೇಲಿನ ಬಂಗಾರಕ್ಕಿಂತ ಹೆಚ್ಚಾಗಿತ್ತು. ಬಂಗಾರ ಹೇಗೂ ಇರಲಿಲ್ಲ ಬಿಡಿ.

ಆಮೇಲೆ ಮೈದುನ ಮೈಲಾರಪ್ಪನ ಹೆಂಡತಿಯಾಗಿ ಸಿರುಗುಪ್ಪದಿಂದ ಹಂಪಮ್ಮ ಬಂದಳು. ಮೂರನೇ ಇಯತ್ತೆ ಓದಿದ್ದಳು. ತುತ್ತದ ಪೊಟ್ಟಣದೊಳಗಿನ ಚೀಟಿಯನ್ನು ಗಟ್ಟಿಯಾಗಿ ಓದಿದ್ದೇ ತಡ, ಓಣಿಯ ಹೆಂಗಸರೆಲ್ಲ ಅವಳ ಸುತ್ತ. ಏಳು ವರ್ಷ ಕೈ ನೀಲಿ ಮಾಡಿಕೊಂಡವಳು ನಾನು, ನಿನ್ನೆ ಬಂದವಳ ಬಾಯಿಗೆ ಇವರೆಲ್ಲ ಮರುಳಾದರಲ್ಲ ಎಂದು ಸುಂಕಲಮ್ಮ ಒಳಗೊಳಗೇ ಕುದ್ದಳು. ಅತ್ತೆ ಹುಲುಗಮ್ಮನಾದರೂ ಸುಮ್ಮನಿದ್ದಳೆ? "ಈ ಸಲ ನಮ್ಮ ಹೊಲದ ಬೀಜ ಸಣ್ಣ ಸೊಸಿ ನೋಡಲಿ," ಎಂದುಬಿಟ್ಟಳು.

ಹಂಪಮ್ಮ ತಾನಾಗಿಯೇ ಬಂದು ಕೇಳಿದಳು. "ಅಕ್ಕಾ, ನಮ್ಮ ಕಡಿ ಬೆಳಿಯೋದು ಬರೇ ನೆಲ್ಲು, ಜೋಳದ ಕೆಲಸ ನನಗ ಗೊತ್ತಿಲ್ಲ. ಇದನ್ನ ಯಾವುದರಾಗ ಕಲಸ್ಲಿ?"

"ಓದಿದಾಕಿ ನೀನು. ಚೀಟ್ಯಾಗ ನೋಡಿಕೋ."

ಚೀಟಿಯಲ್ಲಿ ಪಾತ್ರೆಯ ಮಾತೇ ಇರಲಿಲ್ಲ. ಹಂಪಮ್ಮ ಅಗಲವಾದ ಕಬ್ಬಿಣದ ಕಡಾಯಿ ತಂದು, ಬೆಳಿಗ್ಗೆಯೇ ತುತ್ತ ಕರಗಿಸಿಟ್ಟು ಬೀಜ ಆರಿಸಲು ಕುಳಿತಳು. ಮಧ್ಯಾಹ್ನದ ಹೊತ್ತಿಗೆ ನೀರಿನ ನೀಲಿ ತೆಳ್ಳಗಾಗುತ್ತಾ ಬಂದದ್ದನ್ನು ಸುಂಕಲಮ್ಮ ಹೊಸ್ತಿಲಿನಿಂದಲೇ ಕಂಡಳು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಹಂಪಮ್ಮ ಬೀಜವನ್ನು ಆ ನೀರಿನಲ್ಲಿ ಅದ್ದುವಾಗ ಅವಳಿಗೆ ಖುಷಿಯೇ ಆಯಿತು. ಎರಡು ಸಂಸಾರಕ್ಕೂ ಇರುವುದು ಒಂದೇ ಹೊಲ, ಒಂದೇ ಒಲೆ ಎಂಬುದು ಆಗ ಅವಳ ತಲೆಗೆ ಬರಲಿಲ್ಲ.

ಸುಗ್ಗಿಯಲ್ಲಿ ತೆನೆ ಮುಟ್ಟಿದರೆ ಕೈಗೆಲ್ಲ ಕಾಡಿಗೆ. ಕಾಳಿರಬೇಕಾದ ಜಾಗದಲ್ಲಿ ಕಪ್ಪು ಪುಡಿ ತುಂಬಿತ್ತು. ಓಣಿಯವರು ಸೇರಿದರು. ಹಂಪಮ್ಮ ಕಡಾಯಿಯನ್ನು ಹೊತ್ತು ತಂದು ಎಲ್ಲರ ಮುಂದಿಟ್ಟಳು. ಒಳಮೈ ಇನ್ನೂ ಅಲ್ಲಲ್ಲಿ ತಾಮ್ರದ ಬಣ್ಣಕ್ಕಿತ್ತು.

"ತುತ್ತದಾಗ ತಾಮ್ರ ಐತಂತ ಚೀಟ್ಯಾಗಿತ್ತು. ನೀರಿನಾಗಿನ ಆ ತಾಮ್ರ ಇಲ್ಲಿ ಬಂದು ಕುಂತೈತಿ. ಬೀಜಕ್ಕ ಏನೂ ಉಳಿದಿಲ್ಲ. ತಪ್ಪು ನಂದು," ಎಂದಳು. ಆಮೇಲೆ ಕಣ್ಣೊರೆಸಿಕೊಂಡು, "ಅಕ್ಕನ್ನ ಯಾರೂ ಏನೂ ಅನಬ್ಯಾಡ್ರಿ. ಆಕಿಗೂ ಗೊತ್ತಿರಲಿಲ್ಲ. ಗೊತ್ತಿದ್ರ ಹೇಳತಿದ್ಲು," ಎಂದಳು.

ಪಕ್ಕದ ಮನೆಯ ಈರಮ್ಮ ಮೂಗು ಮುರಿದಳು. "ಹಂಗಾರ ತುತ್ತದ ಸುಂಕಲಮ್ಮಗ ಬರತಿದ್ದದ್ದು ಇಷ್ಟೇನು?"

ಬಾಯಿ ಮುಚ್ಚಿಕೊಂಡಿದ್ದರೆ ಸುಂಕಲಮ್ಮ ಬಚಾವಾಗುತ್ತಿದ್ದಳು. ತಂಗಿಯಂಥ ಹಂಪಮ್ಮ ತಾನೇ ಪಾರಾಗುವ ದಾರಿ ಮಾಡಿಕೊಟ್ಟಿದ್ದಳು. ಆದರೆ ಮೇಸ್ತ್ರಿ ಬಾಯಿಬಿಟ್ಟು ಹೇಳಿಕೊಟ್ಟದ್ದನ್ನು ಈ ಹುಡುಗಿ ಖಾಲಿ ಕಡಾಯಿ ನೋಡಿಯೇ ತಿಳಿದುಕೊಂಡಳಲ್ಲ, ಈಗ ದಡ್ಡಿಯೆಂಬ ಹೆಸರೂ ತನಗೇ ಬರಬೇಕೆ? ಅದನ್ನು ಮಾತ್ರ ಅವಳಿಗೆ ತಡೆಯಲಾಗಲಿಲ್ಲ.

"ನನಗ ಗೊತ್ತಿತ್ತು," ಎಂದಳು. "ಕಬ್ಬಿಣ ಮುಟ್ಟಿಸಬಾರದಂತ ಏಳು ವರ್ಷದಿಂದ ಗೊತ್ತಿತ್ತು."

ಹಂಪಮ್ಮ ಅವಳ ಮುಖವನ್ನೇ ನೋಡುತ್ತಾ ನಿಂತಳು. ಓಣಿಯವರು ಒಬ್ಬೊಬ್ಬರಾಗಿ ಎದ್ದುಹೋದರು.

ಆ ವರ್ಷದ ಜೋಳ ಎಷ್ಟು ಕೇರಿದರೂ ಹಿಟ್ಟಿನ ಕಪ್ಪು ಹೋಗಲಿಲ್ಲ. ಆ ಹಿಟ್ಟಿನ ರೊಟ್ಟಿ ಸುಟ್ಟ ಮೊದಲ ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕುಳಿತಾಗ ಹುಲುಗಮ್ಮ ಹಂಚಿನಿಂದ ಮೊದಲ ಕಪ್ಪು ರೊಟ್ಟಿ ತೆಗೆದು ಹಂಪಮ್ಮನ ಕೈಗೆ ಕೊಟ್ಟಳು.

"ಗೊತ್ತಿದ್ದಾಕಿಗೆ ಮೊದಲು ಹಾಕು," ಎಂದಳು.