ಕಣ್ಣಿಡದ ಮೊಲದ ಕಪ್‌ಕೇಕ್‌ಗಳು

2024ರ ಮಾರ್ಚ್ 17, ಭಾನುವಾರ, ಬೆಳಿಗ್ಗೆ ಹತ್ತೂಕಾಲಿಗೆ ಮೊದಲನೇ ಮೊಟ್ಟೆ ಒಡೆದೆ. ಎಲ್ಲದಕ್ಕೂ ಲೆಕ್ಕ ಬರೆದಿಡುವ ನನ್ನ ಡೈರಿಯಲ್ಲಿ ಆ ದಿನದ ಪುಟ ಹಾಗೇ ಶುರುವಾಗುತ್ತದೆ. ತಂದದ್ದು ಆರು, ಒಂದು ಮಾಲೂರಿನ ಬಸ್ಸಿನಲ್ಲೇ ಒಡೆದು ನನ್ನ ಬ್ಯಾಗಿನ ತಳ ಸೇರಿತ್ತು.

ಕಪ್‌ಕೇಕ್ ಬೇಕೆಂದವಳು ಅಕ್ಕನ ಮಗಳು, ನಾವು ಪಾಪು ಅನ್ನುತ್ತೇವೆ. ಅವತ್ತಿಗೆ ಐದು ತುಂಬಿತು. ಮುಳಬಾಗಿಲಿನ ಅವಳ ಶಾಲೆಯಲ್ಲಿ ಯಾರೋ ಮೊಲದ ಮುಖದ ಕಪ್‌ಕೇಕ್ ಹಂಚಿದ್ದರಂತೆ. ಹಿಂದಿನ ತಿಂಗಳು ಅಕ್ಕ ಅವಳನ್ನು ಕರೆದುಕೊಂಡು ಶಿವಾರಪಟ್ಟಣದ ನಮ್ಮ ಮನೆಗೆ ಬಂದಾಗ ಅಕ್ಕನ ಎಡಗೈಗೆ ಪಟ್ಟಿ ಹಾಕಿತ್ತು. ಬಚ್ಚಲಲ್ಲಿ ಜಾರಿದೆ ಅಂದಳು. ವಿಗ್ರಹ ಕೆತ್ತುವ ಅಪ್ಪ ತಲೆಯೆತ್ತಿ ಕೈ ನೋಡಿದರು, ಮತ್ತೆ ಉಳಿ ಹಿಡಿದರು. ಭಾವ ಫೋನ್ ಮಾಡಿದಾಗ, "ಭಾನುವಾರ ಬನ್ನಿ, ಊಟ ಮಾಡ್ಕೊಂಡು ಇಬ್ಬರನ್ನೂ ಕರ್ಕೊಂಡು ಹೋಗಿ" ಅಂತ ಅಪ್ಪ ಮಾತು ಕೊಟ್ಟುಬಿಟ್ಟರು. ಅಕ್ಕನನ್ನು ಯಾರೂ ಕೇಳಲಿಲ್ಲ. ಭಾನುವಾರ ಬೆಳಿಗ್ಗೆ ಅವಳ ಬಟ್ಟೆ ಬ್ಯಾಗು ಬಾಗಿಲ ಪಕ್ಕ ಸಿದ್ಧವಾಗಿತ್ತು.

ನಮ್ಮಲ್ಲಿ ಓವನ್ ಇಲ್ಲ. ಕುಕ್ಕರಿನ ತಳಕ್ಕೆ ಉಪ್ಪು ಹರಡಿ, ವಿಷಲ್ ತೆಗೆದು ಬೇಯಿಸಬಹುದು ಎಂದು ವಿಡಿಯೋದಲ್ಲಿ ನೋಡಿದ್ದೆ.

"ಒಂದು ಕೇಜಿ ಉಪ್ಪು ಸುಡ್ತೀಯೇನೇ?" ಅಂದಳು ಅಮ್ಮ.

"ಉಪ್ಪು ಯಾಕೆ, ಅಂಗಳದ ತುಂಬ ಕಲ್ಲುಪುಡಿ ಬಿದ್ದಿದೆ" ಅಂದರು ಅಪ್ಪ. ತಾವೇ ಹೋಗಿ ಕಲ್ಲು ಕೊಯ್ಯುವ ಮೆಷಿನ್ನಿನ ಕೆಳಗಿಂದ ಎರಡು ಬೊಗಸೆ ತಂದು ಸುರಿದರು. ಆ ಮೆಷಿನ್ನು ನೀರು ಕುಡಿಯುತ್ತಲೇ ಓಡುವುದು. ಪುಡಿ ಒದ್ದೆ, ಜೊತೆಗೆ ಕರಿಕಲ್ಲಿನ ಚಕ್ಕೆಗಳು. "ಬಿಸಿಗೆ ಒಣಗುತ್ತೆ ಬಿಡು" ಅಂದರು.

ಬೆಣ್ಣೆ, ಸಕ್ಕರೆಪುಡಿ ಹಾಕಿ ಮಜ್ಜಿಗೆ ಕಡೆಯುವ ಕಡಗೋಲಿನಲ್ಲೇ ಬಡಿದೆ. ಮೊಟ್ಟೆ ಹಾಕಿ ಬಡಿದೆ. ಮೈದಾ ಹಾಕಿದ ಮೇಲೂ ಬಡಿದೆ. ಆಮೇಲೆ ಬಡಿಯಬಾರದು ಅನ್ನುವುದು ನನಗೆ ಗೊತ್ತಿರಲಿಲ್ಲ.

"ಹಿಟ್ಟು ಕಲಸ್ತಿದ್ದೀಯೋ, ಯಾರಿಗಾದರೂ ಹೊಡೀತಿದ್ದೀಯೋ?" ಅಂದಳು ಅಕ್ಕ.

"ಅವನು ಬರಲಿ, ಹೊಡೀತೀನಿ."

"ಬಾಯಿ ಮುಚ್ಚೇ. ಪಾಪು ಇದೆ."

ಮೊದಲ ಆರು ಕಪ್ಪುಗಳನ್ನು ಒಳಗಿಟ್ಟು, ಮುಚ್ಚಳವನ್ನು ಬಿಗಿಯದೆ ಮೇಲಿಟ್ಟೆ. ಹನ್ನೊಂದೂವರೆಯ ಹೊತ್ತಿಗೆ ಕುಕ್ಕರಿನೊಳಗೆ ಪಟಾರ್ ಎಂದಿತು. ಹಿಂದೆಯೇ ಇನ್ನೊಂದು. ಮುಚ್ಚಳ ಎಗರಿ ಗೋಡೆಗೆ ಬಡಿದು ಉರುಳಿತು. ಒದ್ದೆ ಕಲ್ಲು ಕಾದು ಒಡೆದು, ಚೂರು ಅಡುಗೆಮನೆ ತುಂಬ ಸಿಡಿದವು. ಒಂದು ನನ್ನ ಕುತ್ತಿಗೆಗೆ ಅಂಟಿ ಸುಟ್ಟಿತು. ಅಮ್ಮ ಕಿರುಚಿದಳು, ನಾನೂ ಕಿರುಚಿದೆ.

ಅಕ್ಕ ಕಿರುಚಲಿಲ್ಲ. ಎರಡನೇ ಸದ್ದಿಗೆ ಮೊದಲೇ ಪಾಪುವನ್ನು ಮೂಲೆಗೆ ತಳ್ಳಿ, ಅದರ ಮೇಲೆ ಕವುಚಿ ಕೂತು, ಪಟ್ಟಿ ಕಟ್ಟಿದ ಕೈಯನ್ನೇ ತಲೆಗೆ ಅಡ್ಡ ಹಿಡಿದಿದ್ದಳು. ಪಾಪು ಅಳಲಿಲ್ಲ. ಎರಡೂ ಕಿವಿ ಮುಚ್ಚಿಕೊಂಡು, ಮುಖವನ್ನು ಮೊಣಕಾಲಿಗೆ ಒತ್ತಿ, "ಮುಗೀತಾ ಅಮ್ಮ? ಮುಗೀತಾ?" ಅನ್ನುತ್ತಿತ್ತು. ಇಬ್ಬರಿಗೂ ತಮ್ಮ ತಮ್ಮ ಜಾಗ ಗೊತ್ತಿತ್ತು.

ಸದ್ದಿಗೆ ಓಡಿಬಂದ ಅಪ್ಪ ಸುತ್ತಿಗೆ ಹಿಡಿದೇ ಬಾಗಿಲಲ್ಲಿ ನಿಂತಿದ್ದರು.

"ಎಷ್ಟು ಸಲ?" ಅಂದರು, ಅಕ್ಕನ ಪಟ್ಟಿ ಕಟ್ಟಿದ ಕೈ ನೋಡುತ್ತ.

ಅಕ್ಕ ಎದ್ದು ಸೀರೆಯ ಪುಡಿ ಕೊಡವಿದಳು. "ನಾನು ಲೆಕ್ಕ ಇಡಲ್ಲಪ್ಪ. ಅದು ಇವಳ ಕೆಲಸ" ಅಂತ ನನ್ನ ಕಡೆ ಕೈ ತೋರಿಸಿದಳು. ನಗಿಸೋಕೆ ಹೇಳಿದ್ದು. ಅಪ್ಪ ಬಾಗಿಲ ಪಕ್ಕದ ಬ್ಯಾಗು ಎತ್ತಿಕೊಂಡು ಹೋಗಿ ಒಳಕೋಣೆಯ ಅಟ್ಟದ ಮೇಲಿಟ್ಟರು.

ಕುಕ್ಕರ್ ತೊಳೆದ ಅಮ್ಮ ತಾನೇ ಒಂದು ಕೇಜಿ ಉಪ್ಪು ಸುರಿದಳು. ಮೊದಲ ಸರದಿಯಲ್ಲಿ ಎರಡು ಕಪ್‌ಕೇಕ್ ಕಲ್ಲುಪುಡಿಯ ಪಾಲಾಗಿದ್ದವು. ಉಳಿದ ನಾಲ್ಕನ್ನು ಒರೆಸಿ ಮತ್ತೆ ಬೇಯಿಸಿದೆ. ಎರಡನೇ ಸರದಿಯ ಆರೂ ಉಬ್ಬಿ ಬಂದವು, ನೆತ್ತಿ ಬಿರಿದಿದ್ದವು. ಮನೆಬೆಣ್ಣೆಗೆ ಸಕ್ಕರೆ ಬೆರೆಸಿ ಕ್ರೀಮು ಮಾಡಿದೆ. ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸಿ ಹಿಂಡಿದರೆ ಅದು ಸುಣ್ಣದ ಹಾಗೆ ಇಳಿಯಿತು. ಕೊನೆಗೆ ಅಪ್ಪ ತಮ್ಮ ಅತಿ ಸಣ್ಣ ಉಳಿ ತೊಳೆದು ತಂದು, ಮಡಕೆ ನೀರಿನಲ್ಲಿ ಅದ್ದಿ ಅದ್ದಿ, ಒಂದೊಂದರ ಮೇಲೂ ಎರಡು ಕಿವಿ, ಮೂತಿ, ಕೆನ್ನೆ ತಿದ್ದಿದರು. ಬೀಟ್‌ರೂಟ್ ರಸದಲ್ಲಿ ಮೂಗಿಟ್ಟೆ. ಸಾಸಿವೆ ಕಾಳಿನ ಕಣ್ಣಿಡಲು ಹೋದರೆ ಅಪ್ಪ ಕೈ ಹಿಡಿದರು.

"ಕಣ್ಣು ಆಮೇಲೆ. ಎಲ್ಲ ಮುಗಿದ ಮೇಲೆ, ಹೊತ್ತು ನೋಡಿ ಇಡೋದು. ಪಾಪು ಇಡಲಿ."

ವಿಗ್ರಹಕ್ಕೆ ನಮ್ಮಲ್ಲಿ ಹಾಗೇ. ಆ ಹೊತ್ತಿಗೆ ಭಾವನ ಬೈಕು ಬಂತು.

"ಏಮೇ, ಇನ್ನೂ ರೆಡಿ ಆಗಿಲ್ವಾ? ಬ್ಯಾಗೆಲ್ಲಿ?" ಎಂದು ತೆಲುಗು ಬೆರೆಸಿ ಅಕ್ಕನನ್ನು ಕೂಗಿದ.

"ಅವಳು ಬರಲ್ಲ" ಅಂದರು ಅಪ್ಪ. "ನೀವು ಊಟ ಮಾಡಿ ಹೊರಡಿ."

ಭಾವ ನಕ್ಕ. "ಮಾವ, ನೀವೇ ಕರೆದಿರಿ. ಈಗ ಇವಳ ಮಾತು ಕೇಳಿ ಉಲ್ಟಾ ಹೊಡೀತೀರಾ?" ಅವನ ಕಣ್ಣು ಜಗಲಿಯಲ್ಲಿಟ್ಟಿದ್ದ ಮೊಲಗಳ ತಟ್ಟೆಯ ಮೇಲೆ ಬಿತ್ತು. "ಓಹೋ, ಇಲ್ಲಿ ಕೂತು ಬೊಂಬೆ ಮಾಡ್ತಿದ್ದೀರಾ?" ಅಂದವನೇ ತಟ್ಟೆಯನ್ನು ಒದ್ದ. ಮೊಲಗಳು ಜಗಲಿಯಿಂದ ಅಂಗಳಕ್ಕೆ ಹಾರಿದವು. ಬಿದ್ದವುಗಳನ್ನು ತುಳಿದುಕೊಂಡೇ ಹೋಗಿ ಅಕ್ಕನ ಜಡೆ ಹಿಡಿದು ಎಳೆದ. ಅವಳ ಹಣೆ ಕಂಬಕ್ಕೆ ಬಡಿದ ಸದ್ದು ನನಗಿನ್ನೂ ಕೇಳುತ್ತದೆ.

ಕ್ರೀಮು ಬಡಿದ ಕಡಗೋಲು ಪಕ್ಕದಲ್ಲೇ ಇತ್ತು. ಅವನ ಮಣಿಕಟ್ಟಿಗೆ ಬಾರಿಸಿದೆ, ಜಡೆ ಬಿಡಲಿಲ್ಲ. ಮತ್ತೆ ಬಾರಿಸಿದೆ. ಅವನ ಮೊಣಕೈ ನನ್ನ ಬಾಯಿಗೆ ಬಂತು, ಉಪ್ಪುಪ್ಪು ರಕ್ತ ನಾಲಿಗೆಗೆ ಇಳಿಯಿತು. ಅಕ್ಕ ತಲೆ ತಿರುಗಿಸಿ ಅವನ ಕೈ ಕಚ್ಚಿದಳು. ಅವನು ಬಿಟ್ಟಿದ್ದು ಆಗ.

ಅಪ್ಪ ಸುತ್ತಿಗೆ ಎತ್ತಿಕೊಂಡು ಅವನತ್ತಲೇ ಬಂದರು, ಪಕ್ಕದಿಂದ ದಾಟಿ ಹೋಗಿ ಬೈಕಿನ ಹೆಡ್‌ಲೈಟಿಗೆ ಬೀಸಿದರು. ಗಾಜು ಪುಡಿಯಾಯಿತು. ತಿರುಗಿ ನಿಂತು, "ಮುಂದಿನ ಏಟು ಎಲ್ಲಿಗೆ ಬೀಳಬೇಕು, ಹೇಳಿ" ಅಂದರು. ಭಾವ ತೆಲುಗಿನಲ್ಲಿ ಬೈಯುತ್ತ ಹೊರಟ.

ಹಣೆಗೆ ಅರಿಸಿನ ಒತ್ತಿಸಿಕೊಳ್ಳುತ್ತಿದ್ದ ಅಕ್ಕನೇ, "ನಾಳೆ ಮಾಲೂರು ಪೊಲೀಸ್ ಸ್ಟೇಷನ್ನಿಗೆ ಹೋಗೋಣ. ನೀನೇ ಬರೆದುಕೊಡು, ತಾರೀಖೆಲ್ಲ ಹಾಕು" ಅಂದಳು. ಹೋದೆವು.

ಆ ರಾತ್ರಿ ಬರೆದದ್ದು ಹೀಗಿದೆ: ಮಾಡಿದ್ದು ಹನ್ನೆರಡು, ಸಿಡಿದಾಗ ಹೋದದ್ದು ಎರಡು, ಕಾಲಡಿ ಹೋದದ್ದು ಏಳು, ಉಳಿದದ್ದು ಮೂರು. ಸಡಿಲವಾದ ನನ್ನ ಹಲ್ಲು ಒಂದು. ಉಳಿದ ಮೂರನ್ನು ಪಾಪುವಿನ ಮುಂದಿಟ್ಟು ಅಪ್ಪ ಸಾಸಿವೆ ಕೊಟ್ಟರು. ಅವಳು ಮುಷ್ಟಿ ಬಿಚ್ಚಲಿಲ್ಲ. "ಕಣ್ಣು ಬೇಡ ತಾತ. ನೋಡ್ಬಿಟ್ರೆ ಅವಕ್ಕೆ ಭಯ ಆಗುತ್ತೆ." ಹಾಗೇ ತಿಂದೆವು. ಸ್ವಲ್ಪ ಗಟ್ಟಿ, ಸಿಹಿ ಸರಿಯಾಗಿತ್ತು.

ಅಕ್ಕ ಈಗಲೂ ನಮ್ಮೊಂದಿಗೇ ಇದ್ದಾಳೆ. ಕಪ್‌ಕೇಕ್ ಆಮೇಲೆ ಹಲವು ಸಲ ಮಾಡಿದ್ದೇನೆ, ಉಪ್ಪಿನ ಮೇಲೆಯೇ. ನೆತ್ತಿ ಬಿರಿಯುವುದು ನಿಂತಿದೆ. ನಿಲ್ಲದಿರುವುದು ಬೇರೆ: ಕುಕ್ಕರ್ ಕೂಗಿದರೆ ಪಾಪು ಇವತ್ತಿಗೂ ಆ ಮೂಲೆಗೆ ಓಡಿ ಕಿವಿ ಮುಚ್ಚಿಕೊಳ್ಳುತ್ತದೆ. ಅದಕ್ಕೇ ಅಮ್ಮ ಅನ್ನವನ್ನು ಪಾತ್ರೆಯಲ್ಲಿಟ್ಟು ಬಸಿಯುತ್ತಾಳೆ. ಸದ್ದೇ ಇಲ್ಲದೆ ಬೆಳೆಸುವುದು ಸರಿಯೋ, ಸದ್ದು ಅಭ್ಯಾಸ ಮಾಡಿಸುವುದು ಸರಿಯೋ, ನಮ್ಮ ಮನೆಯಲ್ಲಿ ಯಾರಿಗೂ ತಿಳಿಯದು. ಇಂಥ ಮಗುವನ್ನು ಸಾಕಿದವರು ಇದನ್ನು ಓದುತ್ತಿದ್ದರೆ, ನೀವು ಏನು ಮಾಡಿದಿರಿ, ಯಾವಾಗ ನಿಂತಿತು, ದಯವಿಟ್ಟು ಬರೆದು ತಿಳಿಸಿ.