ಉಪ್ಪಿನಕಾಯಿ ಜಾಡಿಯ ಹಿಂದಿನ ದಂಡನಾಯಕ

ಅಂಗುಲದೆತ್ತರದ ದಂಡನಾಯಕನನ್ನು ರಣರಂಗದಿಂದ ಎತ್ತಿಬಿಡಲು ಎರಡು ಬೆರಳು ಸಾಕು. ಇಂಥ ಕ್ಷುಲ್ಲಕ ಸಂಗತಿಯೊಂದು ಇತಿಹಾಸದ ನಿವೃತ್ತ ಮೇಷ್ಟ್ರೊಬ್ಬನ ಎದೆಯನ್ನು ಝಲ್ಲೆನ್ನಿಸೀತೆಂದರೆ ನೀವು ನಂಬಲಾರಿರಿ. ಆದರೆ ಅಂದು ನನ್ನ ಕೈಯ ಕಾಫಿಲೋಟ ಓರೆಯಾಗಿ, ನನ್ನದೇ ಅಶ್ವದಳದ ಮೇಲೆ ಪ್ರಳಯ ಸುರಿದದ್ದಂತೂ ನಿಜ.

ಶ್ರೀರಂಗಪಟ್ಟಣದ ನಮ್ಮ ಮನೆಯ ಊಟದ ಮೇಜು ಪ್ರತಿ ಭಾನುವಾರ ಮಧ್ಯಾಹ್ನ ಕುರುಕ್ಷೇತ್ರವಾಗುತ್ತದೆ. ನಾನೂ, ನನ್ನೊಡನೆ ಒಂದೇ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಕ್ಯಾತನಹಳ್ಳಿಯ ಜವರೇಗೌಡರೂ ಬಣ್ಣ ಬಳಿದ ಪುಟ್ಟ ಸೈನಿಕರನ್ನು ಹರಡಿಕೊಂಡು, ಟೇಪು ಹಿಡಿದು ನಡೆ ಅಳೆದು, ದಾಳ ಉರುಳಿಸಿ ಕಾದುತ್ತೇವೆ. ಹೆಂಡತಿಯ ದೃಷ್ಟಿಯಲ್ಲಿ ಇದು ಮರುಕಳಿಸಿದ ಬಾಲ್ಯ. ನನಗೋ, ವಾರದ ಉಳಿದ ದಿನಗಳನ್ನು ಸಹ್ಯವಾಗಿಸುವ ಏಕೈಕ ವ್ಯಸನ.

ಅಂದು ನನ್ನ ಕಾಲಾಳುಗಳು ಗೌಡರ ದಂಡನಾಯಕನಿದ್ದ ತುಕಡಿಯೊಡನೆ ಕೈಕೈ ಮಿಲಾಯಿಸಿದ್ದರು. ಇನ್ನೊಂದು ದಾಳಕ್ಕೆ ಅವನ ಕಥೆ ಮುಗಿಯುವುದಿತ್ತು. ಅಷ್ಟರಲ್ಲಿ ಗೌಡರು ನಿರಾಳವಾಗಿ ಅವನನ್ನೆತ್ತಿ ಉಪ್ಪಿನಕಾಯಿ ಜಾಡಿಯ ಹಿಂದೆ ಇಟ್ಟುಬಿಟ್ಟರು. ದೊರೆಯೇ ಸೈನಿಕರ ನಡುವೆ ಕಾದಾಡುತ್ತ ಬಿದ್ದ ಊರಿನಲ್ಲಿ ಕುಳಿತು ಇಂಥ ಕೃತ್ಯವೇ ಎಂದು ನಾನು ದಂಗಾದೆ.

"ಕಾಳಗದ ಮಧ್ಯೆ ಎದ್ದು ಹೋಗೋದಾ ಗೌಡ್ರೇ?"

"ಓಗ್ಬಾರ್ದು ಅಂತ ಎಲ್ಲೈತೆ, ತೋರ್ಸಿ ಮೇಷ್ಟ್ರೇ."

ನಿಯಮದ ಪುಸ್ತಕ ತಡಕಿದೆ. ದಂಡನಾಯಕ ಯಾವ ತುಕಡಿಯನ್ನಾದರೂ ಸೇರಬಹುದೆಂದಿತ್ತು. ಬಿಡುವ ವಿಚಾರದಲ್ಲಿ ಮಹಾಮೌನ. ಪುಸ್ತಕ ಕೈಕೊಟ್ಟ ಸಿಟ್ಟಿಗೆ ನಾನು ಹೇಡಿತನವೆಂದೆ. ಗೌಡರು ಕಾಫಿ ಮುಟ್ಟದೆ ಹೊರಟುಹೋದರು.

ಮುಂದಿನ ಭಾನುವಾರ ಅವರು ಬರಲಿಲ್ಲ. ಅದರ ಮುಂದಿನದೂ ಬರಿದಾಯಿತು. ಊಟದ ಮೇಜಿನ ಮೇಲೆ ಬರೀ ಊಟವಿರುವುದನ್ನು ಕಂಡು ನನಗೆ ನಿಜಕ್ಕೂ ಭಯವಾಯಿತು. ಈ ವಯಸ್ಸಿನಲ್ಲಿ ಇಂಥ ಶತ್ರುವನ್ನು ಇನ್ನೆಲ್ಲಿ ಹುಡುಕಲಿ?

ಬಸ್ಸು ಹತ್ತಿ ಕ್ಯಾತನಹಳ್ಳಿಗೆ ಹೋದೆ. ಗೌಡರು ತಮ್ಮ ಆಲೆಮನೆಯಲ್ಲಿ, ಕೊಪ್ಪರಿಗೆಯ ಮುಂದೆ ನಿಂತು, ಕುದಿಯುವ ಬೆಲ್ಲದ ಪಾಕವನ್ನು ಕೋಲಿನಿಂದ ಮಗುಚುತ್ತಿದ್ದರು. ನನ್ನನ್ನು ಎದುರುಗೊಳ್ಳಲು ರಸ್ತೆಯವರೆಗೆ ಬರುತ್ತಿದ್ದ ಮನುಷ್ಯ ಕತ್ತು ಸಹ ತಿರುಗಿಸಲಿಲ್ಲ.

"ವಸಿ ನಿಂತ್ಕಳಿ ಮೇಷ್ಟ್ರೇ. ಕೋಲ್ ಇಸ್ಕಳೋರು ಬರ್ದೆ ಈಚೆ ಬರೋ ಅಂಗಿಲ್ಲ, ಪಾಕ ಸೀದೋಯ್ತದೆ."

ಅಷ್ಟರಲ್ಲಿ ಒಬ್ಬ ಬಂದ. ಅವನು ಪಕ್ಕದ ಗದ್ದೆಯ ದಾಯಾದಿ ನಿಂಗಣ್ಣ. ನಾಲೆ ನೀರಿನ ಜಗಳದಲ್ಲಿ ಗೌಡರೊಡನೆ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಈಗಲೂ ಮಾತಿಲ್ಲ. ಕೋಲು ಮಾತ್ರ ಕೈಯಿಂದ ಕೈಗೆ ಹೋಯಿತು.

"ಇವರಿಗಾ ಕೊಟ್ರಿ?" ಎಂದು ಕೇಳಿದೆ, ಹೊರಗೆ ಬಂದ ಗೌಡರನ್ನು.

"ಆ ವೊತ್ನಲ್ಲಿ ಯಾರ್ ಅತ್ರದಲ್ಲವ್ರೋ ಅವ್ರು ಕೋಲ್ ಇಡ್ಕಬೇಕು. ಮಾತ್ ಬುಟ್ಟಿರೋದು ಬ್ಯಾರೆ ಇಚಾರ."

ಬಿಸಿಬೆಲ್ಲ ಚಪ್ಪರಿಸುತ್ತ ಅಲ್ಲೇ ನಾವು ನಿಯಮವನ್ನು ಸ್ಪಷ್ಟಪಡಿಸಿಕೊಂಡೆವು: ದಂಡನಾಯಕ ಕಾಳಗ ಬಿಟ್ಟು ಹೋಗಬಹುದು, ಇನ್ನೊಬ್ಬ ನಾಯಕ ಬಂದು ಅವನ ಜಾಗದಲ್ಲಿ ನಿಂತ ಮೇಲೆ. ಹೇಡಿತನವೆಂದ ಮಾತಿಗೆ ನಾನು ಕ್ಷಮೆಯನ್ನೂ ಕೇಳಿದೆ. ಗೌಡರು ಇನ್ನೊಂದು ಉಂಡೆ ಬೆಲ್ಲ ಕೈಗಿಟ್ಟರು.

ಭಾನುವಾರ ಬಂತು, ಗೌಡರೂ ಬಂದರು. ವಿಧಿಯ ಕುಚೋದ್ಯ ನೋಡಿ, ಈ ಸಲ ಮುತ್ತಿಗೆಗೆ ಸಿಕ್ಕಿದವನು ನನ್ನ ದಂಡನಾಯಕ. ನನ್ನ ಮಿಕ್ಕ ನಾಯಕರೆಲ್ಲ ಆಗಲೇ ಸತ್ತು ಪೆಟ್ಟಿಗೆ ಸೇರಿದ್ದರು. ಅವನನ್ನೆತ್ತಲು ಹೋದ ಬೆರಳು, ನಾವೇ ಮಾಡಿಕೊಂಡ ನಿಯಮ ನೆನಪಾಗಿ ಹಿಂದೆ ಬಂತು. ದಾಳ ಗೌಡರ ಮುಷ್ಟಿಯಲ್ಲಿತ್ತು.

ಅವರು ಅದನ್ನು ಉರುಳಿಸಲಿಲ್ಲ. ಮೇಜಿನ ಮೇಲಿಟ್ಟು, ತಮ್ಮದೇ ನಾಯಕನೊಬ್ಬನನ್ನು ಮೆಲ್ಲಗೆ ಸರಿಸಿ ನನ್ನವನ ಪಕ್ಕದಲ್ಲಿ ನಿಲ್ಲಿಸಿದರು.

"ಅತ್ರ ಇರೋನು ನಮ್ಮೋನೇಯ. ಅವ್ನು ಕೋಲ್ ಇಡ್ಕತಾನೆ. ನಿಮ್ಮೋನ್ನ ಎತ್ಕಳಿ ಮೇಷ್ಟ್ರೇ."

ಎರಡು ಬೆರಳು ಸಾಕೆಂದಿದ್ದೆನಲ್ಲ. ಅಂದು ಆ ಅಂಗುಲದೆತ್ತರದವನನ್ನು ಎತ್ತಲು ನನಗೆ ಎರಡೂ ಕೈ ಬೇಕಾದವು.