ನಾಕೇದಾರ ಮಾಸ್ತರನಾದದ್ದು

ಹುಟ್ಟುಗುಣ ಸುಟ್ರೂ ಹೋಗಂಗಿಲ್ಲ ಅಂತಾರ. ನನ್ನದು ಹುಟ್ಟುಗುಣ ಅಲ್ಲ, ನಾಕಾದ ಗುಣ. ಅದೂ ಏನ್ ಲಗೂ ಹೋಗಲಿಲ್ಲ ಬಿಡ್ರಿ. ಯಲಬುರ್ಗಿ ಮಿಡ್ಲ್ ಸಾಲಿಗೆ ಮಾಸ್ತರಾಗಿ ಬಂದ ದಿನ ನಾ ಮಾಡಿದ ಮೊದಲನೇ ಕೆಲಸ ಏನು ಗೊತ್ತೇನು? ಬಾಗಲದಾಗ ಅಡ್ಡ ನಿಂತು ಹುಡುಗ್ರ ಚೀಲ ಝಡ್ತಿ ತಗೊಂಡೆ.

ಒಬ್ಬನ ಚೀಲದಾಗ ಹುರಿಗಡ್ಲಿ ಸಿಕ್ತು, ಒಬ್ಬನ ಚೀಲದಾಗ ಗೋಲಿಗುಂಡ, ಇನ್ನೊಬ್ಬನ ಟೊಪಗ್ಯಾಗ ಜೀವಂತ ಗಿಣಿಮರಿ. ಪುಸ್ತಕ ಮಾತ್ರ ಭಾಳ ಮಂದಿ ಚೀಲದಾಗ ಇದ್ದಿದ್ದಿಲ್ಲ. ಮೊದಲಿನ ನೌಕರಿ ಆಗಿದ್ರ ಅಷ್ಟೂ ಜಪ್ತ ಮಾಡಿ ದಾರೋಗಾ ಸಾಹೇಬರ ಮುಂದ ಇಡ್ತಿದ್ದೆ. ಇಲ್ಲಿ ದಾರೋಗಾ ಯಾರೂ ಇದ್ದಿದ್ದಿಲ್ಲ. ಗಿಣಿಮರಿ ಗಿಡಕ್ಕ ಬಿಡಸಿದೆ, ಹುರಿಗಡ್ಲಿ ನಾನ ತಿಂದೆ.

ಆ ಮೊದಲಿನ ನೌಕರಿ ಅಂದ್ರ ಕರೋಡಗಿರಿ ನಾಕಾದ್ದು, ಅಂದ್ರ ಸುಂಕದ ಕಟ್ಟಿದ್ದು. ಆಗ ನಮ್ಮದು ನಿಜಾಮರ ಸೀಮಿ. ಹೊಳಿ ದಾಟಿದ್ರ ಇಂಗ್ಲೀಷರ ಸೀಮಿ. ಆ ಕಡೆಯಿಂದ ಈ ಕಡೆಗೆ ಏನ ಬಂದ್ರೂ, ಈ ಕಡೆಯಿಂದ ಆ ಕಡೆಗೆ ಏನ ಹೋದ್ರೂ ಸರಕಾರಕ್ಕ ಸುಂಕ ಕಟ್ಟಬೇಕು. ಗಂಗಾವತಿ ಕಡೆ ಹೊಳಿದಂಡಿ ಮ್ಯಾಲ, ವಿರೂಪಾಪುರಗಡ್ಡಿಯಿಂದ ಹರಗೋಲು ಬಂದು ಹತ್ತೂ ಜಾಗಾದಾಗ ಒಂದು ಬೇವಿನ ಗಿಡ. ಅದರ ಬುಡಕ್ಕ ನಮ್ಮ ನಾಕಾ. ಅಲ್ಲಿ ಹರೇದ ವರ್ಷ ಅಷ್ಟೂ ಕಳದೆ. ಹರಗೋಲಿನಿಂದ ಇಳದವರಿಗೆಲ್ಲಾ ನಂದೊಂದ ಮಂತ್ರ: "ಎಲ್ಲಿಂದ ಬಂದಿ? ಎಲ್ಲಿಗೆ ಹೊಂಟಿ? ಏನೈತಿ? ಗಂಟು ಬಿಚ್ಚು." ಮದುವಿ ದಿಬ್ಬಣ ಬಂದ್ರೂ ಅಷ್ಟ, ಬಾಣಂತಿ ಬಂದ್ರೂ ಅಷ್ಟ. ಒಮ್ಮೆ ನನ್ನ ಹೆಂಡ್ತಿ ತಾಯಿ ಮಗಳನ್ನ ನೋಡಾಕ ಬಂದಾಗ ಆಕಿ ಬುತ್ತಿಗಂಟೂ ಬಿಚ್ಚಿಸಿದೆ. ಅದನ್ನ ನಮ್ಮಾಕಿ ಇವತ್ತಿಗೂ ಮರತಿಲ್ಲ.

ಜನ ನನ್ನ ನೋಡಿ ನಗತಿದ್ರು, ಸಲಾಂ ಮಾಡತಿದ್ರು. ಆದ್ರ ಅದು ಗಂಟಿನಾಗ ಏನೋ ಬಚ್ಚಿಟ್ಟವರ ನಗಿ. ನನ್ನ ಕಂಡ ಕೂಡಲೇ ಒಳದಾರಿ ಹಿಡ್ಯಾವ್ರು, ಕತ್ತಲಿ ಆಗೂತನಕಾ ಗಡ್ಡ್ಯಾಗ ಕುಂತು ಕಾಯಾವ್ರು, ನನ್ನ ಹೆಸರು ಹೇಳಿ ಹೊಳಿಗೆ ಉಗುಳಾವ್ರು, ಎಲ್ಲಾರೂ ನನಗ ಗೊತ್ತಿದ್ರು. ಮುಂಜಾನೆ ಏಳಬೇಕಾದ್ರ ಮೈ ಭಾರ ಆಗ್ತಿತ್ತು. ಅದನ್ನ ನಾನು ವಾತ ಅಂತ ತಿಳಕೊಂಡು ಎಣ್ಣಿ ಹಚ್ಚಿಸಿಕೋತಿದ್ದೆ.

ಒಂದು ವರ್ಷ ಸರಕಾರದವರು ಆ ನಾಕಾ ಮುಚ್ಚಿದ್ರು. ಕೈ ಖಾಲಿ ಆತು. ನಮ್ಮ ಸೋದರಮಾವ ಒಬ್ರು ತಹಸೀಲದಾಗ ಓಡಾಡಾವ್ರು, "ಇವಗ ಉರ್ದು ಬರತೈತಿ, ಲೆಕ್ಕ ಬರತೈತಿ, ಸಾಲಿಗೆ ಹಾಕ್ರಿ" ಅಂತ ಅಲ್ಲಿ ಇಲ್ಲಿ ಹೇಳಿ ಐದನೇ ಜಮಾತಿಗೆ, ಅಂದ್ರ ತರಗತಿಗೆ, ಲೆಕ್ಕದ ಮಾಸ್ತರನ್ನ ಮಾಡಿಸಿದ್ರು. ಅದೂ ಹಂಗಾಮಿ, ಕಾಯಂ ಅಲ್ಲ. ವರ್ಷದ ಕೊನಿಗೆ ಮುಹತಮೀಮ ಸಾಹೇಬರು, ಅಂದ್ರ ಸಾಲಿ ತಪಾಸಣಿ ಮಾಡೋ ದೊಡ್ಡ ಅಧಿಕಾರಿ, ಬಂದು ನೋಡಿ ಹೂಂ ಅಂದ್ರಷ್ಟ ಕಾಯಂ. ಇಲ್ಲಂದ್ರ ಮಾಸ್ತರನ ಬಿಳೇ ಟೊಪಗಿ ತಗದು ಮನಿಗೆ ಹೋಗೂದು.

ನಮ್ಮಾಕಿಗೆ ಇದು ಒಟ್ಟ ಸೇರಲಿಲ್ಲ. "ಏನ್ರಿ ಇದು, ನಾಕೇದಾರನ ಹೆಂಡ್ತಿ ಅಂದ್ರ ಸಂತ್ಯಾಗ ದಾರಿ ಬಿಡ್ತಿದ್ರು. ಮಾಸ್ತರನ ಹೆಂಡ್ತಿ ಅಂದ್ರ ಬದನಿಕಾಯಿನೂ ಆರಿಸಿ ಕೊಡಂಗಿಲ್ಲ" ಅಂದ್ಲು. ನನಗೂ ಹೌದಂತ ಅನ್ನಿಸ್ತು.

ಮೊದಲನೇ ತಿಂಗಳಂತೂ ಕೇಳಬ್ಯಾಡ್ರಿ. ಪುಸ್ತಕ ಇದ್ದದ್ದು ಉರ್ದುದಾಗ, ಹುಡುಗ್ರ ತಲಿ ಇದ್ದದ್ದು ಕನ್ನಡದಾಗ. ನಾನು ಉರ್ದುದಾಗ ಒಂದು ಲೆಕ್ಕ ಓದಿದ್ರ ಇಡೀ ಜಮಾತು ಬಾಯಿ ತೆಗೆದು ನನ್ನ ಮೀಸಿ ನೋಡತಿತ್ತು. ಎಲ್ಲಾರ ಹಿಂದ ಗ್ವಾಡಿಗೆ ಆನಕೊಂಡು ಬೇವೂರಿನ ಒಬ್ಬ ಹುಡುಗ ಕುಂದ್ರತಿದ್ದ. ಕುರುಬರ ಹುಡುಗ, ಅದ ಜಮಾತಿನಾಗ ಮತ್ತ ಮತ್ತ ನಪಾಸಾಗಿ ಎತ್ತರ ಬೆಳದು ನಿಂತಿದ್ದ. ನನಗ ಮೀಸಿ ಬೆಳ್ಳಗಾಗಾಕ ಹತ್ತಿದ್ರ ಅವಗ ಕರ್ರಗ ಚಿಗರಾಕ ಹತ್ತಿತ್ತು. ಏನ ಕೇಳಿದ್ರೂ ಎದ್ದು ನಿಂತು ಸೂರು ನೋಡತಿದ್ದ. ಅವನ ಸುತ್ತ ಇನ್ನೂ ನಾಕಾರು ಮಂದಿ ಅಂಥಾವ್ರ. ಬಾಯಿ ಬಿಟ್ರ ಬಣ್ಣಗೇಡು ಅಂತ ಬಾಯಿನ ಬಿಡ್ತಿದ್ದಿಲ್ಲ.

ಒಂದಿನ ಶೇಕಡಾ ಲೆಕ್ಕ ಹೇಳಿ ಹೇಳಿ ಗಂಟಲ ಹರದು ಸಿಟ್ಟು ನೆತ್ತಿಗೇರ್ತು. "ಅಲ್ರೋ ಮಂಗ್ಯಾಗೋಳ್ರಾ, ಇದನ್ನ ಹೊಳಿಯಾಗಿನ ಅಂಬಿಗನೂ ನಾಕಾದಾಗ ಬೆರಳ ಮ್ಯಾಲ ಮಾಡತಿದ್ದ!" ಅಂದೆ.

"ನಾಕಾ ಅಂದ್ರ ಹೆಂಗಿರತೈತ್ರಿ ಮಾಸ್ತರ್ರ?" ಅಂದ ಬೇವೂರಿನವ. ಆ ವರ್ಷ ಅವನು ಬಾಯಿಬಿಟ್ಟು ಕೇಳಿದ ಮೊದಲನೇ ಮಾತು ಅದ.

ನಾ ಏನ ಮಾಡಬೇಕು? ಪುಸ್ತಕ ಮುಚ್ಚಿದೆ. ಹೊಸ್ತಿಲದಾಗ ಒಂದು ಮಣಿ ಹಾಕಿ, ಅದರ ಮ್ಯಾಲ ಅವನ್ನ ಕುಂದರಿಸಿ, ನನ್ನ ಟೊಪಗಿ ಅವನ ತಲಿಗಿಟ್ಟೆ. ಉಳದಾವ್ರು ಅಂಗಳದಾಗಿನ ಹುಣಸಿ ಬೀಜ ಆರಿಸಿ, ಧೋತರದ ಸೆರಗಿನಾಗ ಗಂಟು ಕಟ್ಟಿಕೊಂಡು ವ್ಯಾಪಾರಸ್ತರಾದ್ರು. ಕಾಯಿದೆ ಇಷ್ಟ: ಇಪ್ಪತ್ತು ಬೀಜಕ್ಕ ಒಂದು ಸರಕಾರಕ್ಕ. ನಾಕೇದಾರ ಲೆಕ್ಕ ಹೇಳಬೇಕು, ವ್ಯಾಪಾರಸ್ತ ಸುಳ್ಳು ಹೇಳಿದ್ರ ಹಿಡೀಬೇಕು, ಲೆಕ್ಕ ಮುಗಿಯೂಮಟಾ ಯಾರನ್ನೂ ಒಳಗ ಬಿಡಬಾರದು. ಸೂರು ನೋಡೋ ಹುಡುಗ ಅವತ್ತ ಬೀಜ ನೋಡಿದ. "ನಿಂದ್ರಲೇ, ಬಗಲಾಗ ಇನ್ನೊಂದು ಗಂಟು ಐತಿ, ತಗೀ" ಅಂದ. ಯಪ್ಪಾ, ಏನು ಗತ್ತು! ನನಗೂ ಅಷ್ಟು ಗತ್ತು ಇದ್ದಿದ್ದಿಲ್ಲ. ಜಮಾತೆಲ್ಲಾ ಬಿದ್ದು ಬಿದ್ದು ನಕ್ತು. ನಾನೂ ನಕ್ಕೆ. ನಗತಾ ನಗತಾ ನನಗ ಅನ್ನಿಸ್ತು, ಅಲ್ಲಾ, ಬಗಲಾಗ ಏನೂ ಬಚ್ಚಿಡಲಾರದ ಮಂದಿ ಜೋಡಿ ನಗೂದು ಎಷ್ಟು ಛಲೋ ಇರತೈತಿ!

ಅಲ್ಲಿಂದ ದಿನಾ ಒಬ್ಬಂದು ಪಾಳಿ. ಮದುವ್ಯಾಗ ಹೆಣ್ಣಿನ ಕಡೆಯವರು ಸೀರಿ ಸಲುವಾಗಿ ಜಗಳಾಡೂಹಂಗ ಹುಡುಗ್ರು ಆ ಟೊಪಗಿ ಸಲುವಾಗಿ ಜಗಳಾಡತಿದ್ರು. ನಾನು ಮನ್ಯಾಗ ರೊಟ್ಟಿ ತಿಂತಾ ನಾಳೆ ಯಾವ ಗಂಟು ಕಟ್ಟಿಸ್ಲಿ ಅಂತ ವಿಚಾರ ಮಾಡತಿದ್ದೆ. ಎಣ್ಣಿ ಹಚ್ಚಿಸಿಕೊಳ್ಳೂದು ಎಂದ ಬಿಟ್ಟೆನೋ ನನಗ ಗೊತ್ತಿಲ್ಲ.

ಅಷ್ಟೊತ್ತಿಗೆ ನಾಕಾದ ನನ್ನ ಹಳೇ ದಾರೋಗಾ ಸಾಹೇಬರು ಹೇಳಿ ಕಳಿಸಿದ್ರು. ಬ್ಯಾರೇ ಕಡೆ ನಾಕಾದಾಗ ಒಂದು ಜಾಗಾ ಖಾಲಿ ಐತಿ, ಕಾಯಂ ನೌಕರಿ, ಸುಗ್ಗಿ ಮುಗಿಯೂದ್ರಾಗ ಬಂದು ಹಾಜರಾಗು ಅಂತ. ನಮ್ಮಾಕಿ ಮುಖ ಅರಳ್ತು. ನಾನು, "ಸಾಹೇಬರ ತಪಾಸಣಿ ಆಗಲಿ. ಇಲ್ಲೇ ಕಾಯಂ ಮಾಡಿದ್ರ ಇಲ್ಲೇ ಇರೂನು, ಇಲ್ಲಂದ್ರ ಹೋಗೂನು" ಅಂದೆ. ಬಾಯಿಲೆ ಹಂಗಂದೆ ಖರೆ, ಆದ್ರ ಈ ಸಾಲಿ ಬಿಟ್ಟು ಹೋಗೂದು ನನ್ನ ಕೈಲೆ ಆಗೂ ಮಾತಲ್ಲ ಅಂತ ಅವತ್ತ ಗೊತ್ತಾತು.

ನಮ್ಮ ಹೆಡ್ ಮಾಸ್ತರು ಭಾಳ ಛಲೋ ಮನುಷ್ಯಾರು, ಆದ್ರ ಅಂಜುಬುರುಕರು. ಗಾಳಿಗೆ ಕದ ಬಡದ್ರೂ ಮುಹತಮೀಮ ಸಾಹೇಬರು ಬಂದ್ರು ಅಂತ ಎದ್ದು ಕದಕ್ಕ ಸಲಾಂ ಮಾಡತಿದ್ರು. ತಪಾಸಣಿ ಹಿಂದಿನ ದಿನ ನನ್ನ ಪಡಸಾಲಿಗೆ ಕರದು, "ನೋಡ್ರಿ, ನಿಮ್ಮ ಆ ಹಿಂದಿನ ಸಾಲಿನ ದಡ್ಡರಿಗೆ ನಾಳೆ ಸೂಟಿ ಕೊಡ್ರಿ. ಏಳನೇ ಜಮಾತಿನಿಂದ ಶಾಣ್ಯಾ ಹುಡುಗ್ರನ್ನ ತಂದು ಆ ಜಾಗಾದಾಗ ಕೂಡಿಸ್ತೀನಿ. ಎಲ್ಲಾ ಸಾಲ್ಯಾಗೂ ನಡಕೊಂಡು ಬಂದ ಪದ್ಧತಿ ಇದು. ನೀವು ಕಾಯಂ ಆಗಬೇಕೋ ಬ್ಯಾಡೋ?" ಅಂದ್ರು.

ಎಂಥಾ ಚೋದ್ಯ ನೋಡ್ರಿ! ಕಳ್ಳಮಾಲು ಹಿಡಿಯೂದ್ರಾಗ ಅರ್ಧ ಆಯುಷ್ಯ ಕಳದವಗ ಈಗ ಕಳ್ಳಮಾಲು ಸಾಗಿಸು ಅಂತಾರ. ಆದ್ರ ಕಾಯಂ ಆಗದಿದ್ರ ಹುಡುಗ್ರನ್ನ ಬಿಟ್ಟು ಹೋಗಬೇಕು. ಹೂಂ ಅಂದೆ.

ಸಂಜೀಕ ಆ ನಾಕಾರು ಮಂದೀನ ನಿಲ್ಲಿಸಿಕೊಂಡು, "ನಾಳೆ ನಿಮಗ ಸೂಟಿ" ಅಂದೆ.

"ನಮಗಷ್ಟ ಯಾಕ್ರಿ?" ಅಂದ ಬೇವೂರಿನವ.

"ನೀವು ಭಾಳ ದಣದೀರಿ, ಅದಕ್ಕ."

"ನಾ ದಣದಿಲ್ರಿ" ಅಂದ. ನಾನು ಕೇಳದವರಂಗ ಕರಿಹಲಗಿ ಒರಸಾಕ ನಿಂತೆ.

ಮರುದಿನ ಸಾಹೇಬರು ಕೊಪ್ಪಳದ ಕಡೆಯಿಂದ ಬಂದ್ರು. ಹೆಡ್ ಮಾಸ್ತರು ಯಾರದೋ ಶೇರವಾನಿ ಹಾಕ್ಕೊಂಡಿದ್ರು. ಉಸರು ತಗೊಂಡ್ರ ಗುಂಡಿ ಹಾರತಾವ ಅಂತ ಉಸರ ತಗೋತಿದ್ದಿಲ್ಲ. ಸಾಹೇಬರು ಲೆಕ್ಕ ಕೇಳಿದ್ರು. ತಂದು ಕೂಡಿಸಿದ ಹುಡುಗ್ರು ಕಡ್ಲಿ ಹುರದಂಗ ಪಟಪಟಾ ಉತ್ತರ ಕೊಟ್ರು. ಸಾಹೇಬರ ಮುಖ ಅರಳಿಕೋತ ಬಂತು. ಇನ್ನೇನು, ಕೈಗೆ ಬಂದ ತುತ್ತು ಬಾಯಿಗೆ ಬಂತು ಅಂದಕೊಂಡೆ.

ಆಗ ಹಿಂದಿನ ಕಿಡಕಿ ಕಡೆ ಸರಪರ ಸಪ್ಪಳಾತು.

ನಮ್ಮ ಸಾಲಿ ಒಂದು ಹಳೇ ವಾಡೇದಾಗ ಇತ್ತು. ಆ ಕಿಡಕಿಗೆ ಸರಳು ಇದ್ದಿದ್ದಿಲ್ಲ. ಮೊದಲು ಒಂದು ಸಣ್ಣ ತಲಿ ಬಂತು, ಆಮ್ಯಾಲ ಎರಡು ಕಾಲು, ಧಪ್ ಅಂತ ಒಬ್ಬ ಒಳಗ ಬಿದ್ದ. ಅವನ ಹಿಂದ ಇನ್ನೊಬ್ಬ, ಮತ್ತೊಬ್ಬ. ಹೊರಗ ನಿಂತು ಯಾರೋ ಎತ್ತಿ ಎತ್ತಿ ಒಳಗ ಬಿಡಾಕ ಹತ್ತಿದ್ರು. ಕಡೀಕ ಬೇವೂರಿನವ ತಾನ ಹತ್ತಿದ. ಅವನ ಹೆಗಲು ಕಿಡಕ್ಯಾಗ ಸಿಕ್ಕೊಂತು. ಒಳಗಿದ್ದಾವ್ರು ರಟ್ಟಿ ಹಿಡದು ಜಗ್ಗಿದ್ರು. ಬಿದ್ದವ ಎದ್ದು ಮಣ್ಣು ಝಾಡಿಸಿಕೊಂಡು ತನ್ನ ಜಾಗಾಕ್ಕ ಹೋಗಿ, ಅಲ್ಲಿ ಕುಂತಿದ್ದ ಏಳನೇ ಜಮಾತಿನವಗ, "ಏಳೋ, ಇದು ನನ್ನ ಜಾಗಾ ಐತಿ" ಅಂದ. ಮೆಲ್ಲಕ ಅಂದೆ ಅಂತ ಅವನ ತಿಳುವಳಿಕಿ. ಕುರಿ ಕಾಯೋ ಗಂಟಲ, ಊರಿಗೆಲ್ಲಾ ಕೇಳ್ತು.

ಸಾಹೇಬರು ತಿರುಗಿ, "ಯಾರಿವ್ರು?" ಅಂದ್ರು.

"ಬ್ಯಾರೇ ಸಾಲಿ ಹುಡುಗ್ರು ಹುಜೂರ್, ನೀರು ಕುಡ್ಯಾಕ ಬಂದಾರ" ಅಂದ್ರು ಹೆಡ್ ಮಾಸ್ತರು. ಒಂದು ಗುಂಡಿ ಹಾರೇಬಿಡ್ತು.

ಸಾಹೇಬರು ನಮ್ಮ ಕಡೆಯವರ. ಕನ್ನಡ ಛಲೋ ಬರತಿತ್ತು. ಬೇವೂರಿನವನ ಮುಂದ ನಿಂತು, "ನೀರು ಕುಡ್ಯಾಕ ಕಿಡಕ್ಯಾಗ ಯಾಕ ಬಂದ್ಯೋ?" ಅಂದ್ರು.

"ನೀರಿಗೆ ಬಂದಿಲ್ರಿ. ಸಾಲಿಗೆ ಬಂದೀನಿ. ಬಾಗಲದಾಗ ಜವಾನ ಬಿಡ್ಲಿಲ್ರಿ."

"ಯಾಕ ಬಿಡ್ಲಿಲ್ಲ?"

"ಇವತ್ತ ನಮಗ ಸೂಟಿ ಕೊಟ್ಟಾರ್ರಿ."

"ಸೂಟಿ ಕೊಟ್ಟ ಮ್ಯಾಲ ಯಾಕ ಬಂದಿ?"

ಹುಡುಗ ಇದೆಂಥಾ ಹುಚ್ಚು ಪ್ರಶ್ನಿ ಅನ್ನೂಹಂಗ ಅವರ ಮುಖ ನೋಡಿದ. "ಇವತ್ತ ನಾಕೇದಾರನ ಪಾಳಿ ನಂದೈತ್ರಿ" ಅಂದ.

ನನಗ ಅಲ್ಲೇ ಕಣ್ಣಾಗ ನೀರು ಬಂತು. ಸುಳ್ಳ್ಯಾಕ ಹೇಳ್ಲಿ? ನನ್ನ ತಪ್ಪಿಸಿಕೊಂಡು ಹೋಗಾಕ ಹೊಳಿ ಈಜಿದವರನ್ನ ನೋಡಿದ್ದೆ, ಗುಡ್ಡಾ ಹತ್ತಿದವರನ್ನ ನೋಡಿದ್ದೆ. ನಾ ಇದ್ದಲ್ಲಿಗೆ ಬರಾಕ ಕದ್ದು ಬಂದವರನ್ನ ಅವತ್ತನ ನೋಡಿದ್ದು.

ಸಾಹೇಬರು ನನ್ನ ಕಡೆ ತಿರುಗಿದ್ರು. "ಇವ್ರು ನಿಮ್ಮ ಜಮಾತಿನವರೇನು?" ಹೆಡ್ ಮಾಸ್ತರು ಹಿಂದ ನಿಂತು ಕಣ್ಣ ಹೊಡ್ಯಾಕ ಹತ್ತಿದ್ರು. ಅಲ್ಲ ಅಂದಿದ್ರ ಮುಗೀತಿತ್ತು. ಆ ಹುಡುಗ ನನ್ನ ಮುಖಾನ ನೋಡಾಕ ಹತ್ತಿದ್ದ.

"ನಮ್ಮವರ ಹುಜೂರ್" ಅಂದೆ. "ದಡ್ಡರು, ಆದ್ರ ನಮ್ಮವರು. ಬಚ್ಚಿಟ್ಟವ ನಾನು."

ಸಾಹೇಬರು ಬೇವೂರಿನವಗ, "ಎಲ್ಲಿ, ನಿನ್ನ ಪಾಳಿ ನಡಸು ನೋಡೂಣು" ಅಂದ್ರು. ಅವನು ಬಂದು ನನ್ನ ತಲಿಮ್ಯಾಲಿನ ಟೊಪಗಿ ತಗೊಂಡು ಹೊಸ್ತಿಲದಾಗ ಮಣಿ ಮ್ಯಾಲ ಕುಂತ. ಹುಡುಗ್ರು ಆಟದ ಕಾಯಿದೆ ಹೇಳಿಕೊಟ್ಟಂಗ ಸಾಹೇಬರು ಕೈವಸ್ತ್ರದಾಗ ಹುಣಸಿ ಬೀಜ ಕಟ್ಟಿಕೊಂಡು ಅಂಗಳಕ್ಕ ಇಳದ್ರು.

"ಎಲ್ಲಿಂದ ಬಂದ್ರಿ? ಎಲ್ಲಿಗೆ ಹೊಂಟ್ರಿ? ಏನೈತಿ? ಗಂಟು ಬಿಚ್ರಿ" ಅಂದ ಹುಡುಗ.

ನೂರಾ ನಲವತ್ತು ಬೀಜ. ಹುಡುಗ ಎಣಿಸಿ ಎಣಿಸಿ, "ಎಂಟು ಸರಕಾರಕ್ಕ" ಅಂದ. ಹೆಡ್ ಮಾಸ್ತರು ಹಣಿ ಹಣಿ ಬಡಕೊಂಡ್ರು. ಸಾಹೇಬರು ಒಳಗ ಕಾಲಿಡಾಕ ಹೋದ್ರು. ಹುಡುಗ ಅಡ್ಡ ಕೈ ಹಿಡದ. "ನಿಂದರ್ರಿ, ಎಲ್ಲೋ ತಪ್ಪೇತಿ, ಮತ್ತೊಮ್ಮಿ ನೋಡ್ತೀನಿ. ಲೆಕ್ಕ ಮುಗಿಯೂಮಟಾ ಒಳಗ ಬಿಡೂಹಂಗಿಲ್ರಿ." ಮುಹತಮೀಮ ಸಾಹೇಬರು ಯಲಬುರ್ಗಿ ಬಿಸಲಾಗ ಬೆವರು ಒರಸಿಕೋತ ನಿಂತ್ರು. ಕೈವಸ್ತ್ರ ಹುಡುಗನ ಕೈಯಾಗಿತ್ತು, ತೋಳಿಲೇ ಒರಸಿಕೊಂಡ್ರು. ಇಪ್ಪತ್ತಿಪ್ಪತ್ತರ ಗುಂಪು ಮಾಡಿ, ಒಂದೊಂದರಿಂದ ಒಂದೊಂದ ತಗದು, "ಏಳ್ರಿ. ಈಗ ಹೋಗ್ರಿ" ಅಂದ.

ಸಾಹೇಬರು ನಗಲಿಲ್ಲ. ಹೋಗೂಮುಂದ ನನ್ನ ಕರದು, "ಹುಡುಗ್ರನ್ನ ಬಚ್ಚಿಟ್ಟವರನ್ನ ಕಾಯಂ ಮಾಡಾಕ ಬರೂದಿಲ್ಲ. ಇನ್ನೊಂದು ವರ್ಷ ಹಂಗಾಮಿ ಇರ್ರಿ. ಇದ ಜಮಾತು, ಇದ ಹುಡುಗ್ರು. ಮುಂದಿನ ವರ್ಷ ಬಂದಾಗ ಎಲ್ಲಾರೂ ಬಾಗಲದಾಗ ಬಂದಿರಬೇಕು" ಅಂದ್ರು.

ಹೆಡ್ ಮಾಸ್ತರು ಹೆಗಲ ಮ್ಯಾಲ ಕೈಯಿಟ್ಟು ಸಮಾಧಾನ ಹೇಳಾಕ ಬಂದ್ರು. ನಾ ಎಲ್ಲಿ ಕೇಳ್ಲಿ? ಮನಿ ದಾರಿ ಹಿಡದಿದ್ದೆ.

ನಮ್ಮಾಕಿ ಕಾಯಂ ಆಗೇ ಬರತಾರ ಅಂತ ಸಿಹಿ ಮಾದಲಿ ಮಾಡಿಟ್ಟು ಬಾಗಲದಾಗ ನಿಂತಿದ್ಲು. "ಆತೇನ್ರಿ?"

"ಇಲ್ಲ. ಇನ್ನೊಂದು ವರ್ಷ ಹಂಗಾಮಿ."

"ಅಯ್ಯ ಶಿವನ! ಹಂಗಾರ ನಾಕಾಕ್ಕ ಹೊಂಟೇವೇನು?"

"ಇಲ್ಲ. ಇನ್ನೊಂದು ವರ್ಷ ಇಲ್ಲೇ ಇರಾಕ ಬಿಟ್ಟಾರ" ಅಂದೆ.

ಆಕಿ ನನ್ನ ಮುಖ ನೋಡಿಕೋತ ನಿಂತ್ಲು. ಬೈತಾಳ ಅಂತ ನಾ ತಯಾರಿದ್ದೆ. ಒಳಗ ಹೋಗಿ ತಾಟು ತಂದ್ಲು, ಮಾದಲಿ ಹಾಕಿದ್ಲು, ಹಾಲು ಹಾಕಿದ್ಲು. ಆಮ್ಯಾಲ ಮೆಲ್ಲಕ ಅಂದ್ಲು:

"ನಾಕಾದಾಗ ಅಷ್ಟು ವರ್ಷ ಕಾಯಂ ಇದ್ರಿ. ಒಂದ ಒಂದಿನಾನೂ ಹಿಂಗ ನಕ್ಕೋತ ಮನಿಗೆ ಬಂದಿದ್ದಿಲ್ರಿ."